ಕೊನೆಯ ಗಂಟೆಗೆ ಮನೆಗೆ ಹೋಗುತ್ತಿದ್ದ ಹೆಡ್‌ಮಾಸ್ತರು

೮ ಜನವರಿ ೨೦೨೫, ಬುಧವಾರ

ಲೋಬೋ ಸರ್ ತೀರಿಕೊಂಡು ಇನ್ನೂ ವಾರ ಕಳೆದಿಲ್ಲ, ಈಗಲೇ ಅವರ ಕುರ್ಚಿಯ ಬಗ್ಗೆ ಬರೆಯುವುದು ಸರಿಯಲ್ಲ. ಆದರೆ ಇದು ನನ್ನ ಸ್ವಂತ ದಿನಚರಿ, ಬೇರೆ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಬನಹಟ್ಟಿಯ ನಮ್ಮ ಮಿಶನ್ ಶಾಲೆಯ ಹೆಡ್‌ಮಾಸ್ತರ ಕುರ್ಚಿ ಖಾಲಿಯಾಗಿದೆ. ಅದಕ್ಕೆ ಯೋಗ್ಯರು ಇಬ್ಬರೇ. ಒಬ್ಬ ನಾನು, ಕನ್ನಡ ಶಿಕ್ಷಕ ಭರತೇಶ. ಇನ್ನೊಬ್ಬರು ಗಣಿತದ ಪ್ರಭುಲಿಂಗ ಸರ್. ಅವರನ್ನು ಯೋಗ್ಯರು ಎಂದು ಕರೆಯುವುದು ನನ್ನ ದೊಡ್ಡ ಮನಸ್ಸು.

ಶಾಲೆಯ ಆಡಳಿತ ನೋಡುವ ಫಾದರ್ ಬೋನಿಫಾಸ್ ಇವತ್ತು ನಮ್ಮಿಬ್ಬರನ್ನೂ ಕರೆಸಿದರು. ಫಾದರ್ ಮಂಗಳೂರು ಕಡೆಯವರು. "ಫೆಬ್ರವರಿ ನಾಲ್ಕಕ್ಕೆ ಚರ್ಚಿನಲ್ಲಿ ಲೋಬೋ ಅವರ ತಿಂಗಳ ಬಲಿಪೂಜೆ. ಅವತ್ತೇ ಸಂಜೆ ಒಂದು ಸ್ಮರಣೆಯ ಸಭೆ ಮಾಡುವ. ವೇದಿಕೆಯ ಕೆಲಸ ಪ್ರಭುಲಿಂಗ ಸರ್ ನೋಡಿಕೊಳ್ಳಲಿ, ಮುಖ್ಯ ಭಾಷಣ ಭರತೇಶ ಸರ್‌ದು. ಸಂಸ್ಥೆಗೆ ಯಾರು ಎಷ್ಟು ಸಮಯ ಕೊಡುತ್ತಾರೆ ಅಂತ ಮೇಲಿನವರು ಗಮನಿಸುತ್ತಾ ಇದ್ದಾರೆ" ಎಂದರು. ಕೊನೆಯ ಮಾತು ಹೇಳುವಾಗ ನನ್ನನ್ನೇ ನೋಡಿದರು. ತನ್ನನ್ನೇ ನೋಡಿದರು ಎಂದು ಪ್ರಭುಲಿಂಗ ಸರ್ ಕೂಡ ತಿಳಿದಿರಬಹುದು, ಪಾಪ.

ನಾಳೆಯಿಂದ ಶಾಲೆಯಿಂದ ಎಲ್ಲರಿಗಿಂತ ಕೊನೆಗೆ ಹೊರಡುವುದೆಂದು ನಿರ್ಧರಿಸಿದ್ದೇನೆ.

೧೦ ಜನವರಿ, ಶುಕ್ರವಾರ

ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೂ ಸ್ಟಾಫ್ ರೂಮಿನಲ್ಲಿ ಕೂತೆ. ಪ್ರಭುಲಿಂಗ ಸರ್ ಕೂಡ ಕೂತರು. ನಾನು ನಿನ್ನೆ ತಿದ್ದಿದ ಉತ್ತರಪತ್ರಿಕೆಗಳನ್ನು ಮತ್ತೆ ತಿದ್ದಿದೆ. ಅವರು ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸಿ, ಒರೆಸಿ, ಅದನ್ನೇ ಮತ್ತೆ ಬಿಡಿಸಿದರು. ವಾಚ್‌ಮನ್ ನಿಂಗಣ್ಣ ಬಾಗಿಲಲ್ಲಿ ಬಂದು ನಿಂತ. "ಸರ, ಇಬ್ಬರೂ ಕೂಡೇ ಎದ್ದಬಿಡ್ರಿ. ಯಾರು ಮೊದಲ ಎದ್ರು ಅಂತ ನಾ ಯಾರ ಮುಂದೂ ಹೇಳಂಗಿಲ್ಲ" ಎಂದ. ಇಂಥವನಿಗೆ ಸೇವಾ ಮನೋಭಾವ ಎಂದರೆ ಏನೆಂದು ಹೇಗೆ ತಿಳಿಸುವುದು.

ನಮ್ಮದು ದಿಗಂಬರ ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಆಮೇಲೆ ಅಡುಗೆಮನೆಗೆ ಕೆಲಸವಿಲ್ಲ. ತಡವಾದ ದಿನ ನನಗೆ ಉಪವಾಸ. ಇದನ್ನು ಫಾದರ್ ಕಿವಿಗೆ ಬೀಳುವಂತೆ ಎರಡು ಸಲ ಹೇಳಿದ್ದೇನೆ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ ಚುರಮುರಿಯ ಗಿರಮಿಟ್ ತಿಂದದ್ದನ್ನು ಹೇಳಿಲ್ಲ. ಉಳ್ಳಾಗಡ್ಡಿ ಹಾಕಬೇಡ ಎಂದು ಅಂಗಡಿಯವನಿಗೆ ಹೇಳಿದ್ದೆ, ಹಾಗಾಗಿ ಧರ್ಮಕ್ಕೆ ಅಷ್ಟೇನೂ ಧಕ್ಕೆ ಬಂದಿಲ್ಲ.

ರಬಕವಿಯ ಮನೆಗೆ ಬಂದಾಗ ಅವ್ವ ಶಾಂತವ್ವ ಜಪಕ್ಕೆ ಕೂತಿದ್ದಳು. ನನ್ನ ಹೆಂಡತಿ ಮಾನಸಿ ತಾಟುಗಳನ್ನು ತೊಳೆದು ಬೋರಲು ಹಾಕಿದ್ದಳು. ಒಂದನೇ ಇಯತ್ತೆಯ ಮಗಳು ಸಿದ್ಧಿ ನನ್ನನ್ನು ಕಂಡ ಕೂಡಲೇ ಎದ್ದು ಕೈಕಟ್ಟಿ ನಿಂತಳು. ನಾನು ಕುಳಿತುಕೋ ಎನ್ನುವವರೆಗೂ ಕೂರಲಿಲ್ಲ. ಶಿಸ್ತು ಎಂದರೆ ಇದು. ಶಿಕ್ಷಕನ ಮನೆ ಹೀಗೇ ಇರಬೇಕು.

೧೩ ಜನವರಿ, ಸೋಮವಾರ

ಸ್ಮರಣ ಸಮಿತಿಗೆ ಬಸಗೊಂಡಪ್ಪನವರು ಅಧ್ಯಕ್ಷರು. ಲೋಬೋ ಸರ್ ಅವರ ಹಳೆಯ ವಿದ್ಯಾರ್ಥಿ, ಈಗ ಸೀರೆಯ ದೊಡ್ಡ ವ್ಯಾಪಾರಿ. ಯಾರನ್ನೂ ಕೇಳದೆ ಜಮಖಂಡಿಯಿಂದ ಫ್ಲೆಕ್ಸ್ ಮಾಡಿಸಿ ತಂದು ಗೇಟಿಗೆ ಕಟ್ಟಿಸಿಬಿಟ್ಟರು. ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಲೋಬೋ ಸರ್, ಉಳಿದ ಕಡೆಯೆಲ್ಲ ಕೈಮುಗಿದ ಬಸಗೊಂಡಪ್ಪನವರು. ಕೆಳಗೆ ದಪ್ಪ ಅಕ್ಷರದಲ್ಲಿ "ಪೂಜ್ಯ ಪಾಸ್ಕಲ್ ಲೋಬೋ ಗುರುಗಳು ಲಿಂಗೈಕ್ಯರಾದ ನಿಮಿತ್ತ".

ಫಾದರ್ ಕನ್ನಡಕ ಒರೆಸಿಕೊಂಡು ಅದನ್ನು ಎರಡು ಸಲ ಓದಿದರು. ಬಸಗೊಂಡಪ್ಪನವರು, "ಅದು ಕಂಪ್ಯೂಟರಿನ್ಯಾಗ ಹಂಗ ಇರತೈತ್ರಿ ಫಾದರ್. ಫೋಟೋ ಮತ್ತ ಹೆಸರು ಅಷ್ಟ ಬದಲ ಮಾಡೂದು" ಎಂದರು. ಸಂಜೆಯೊಳಗೆ ಆ ಶಬ್ದದ ಮೇಲೆ ಬಿಳಿ ಕಾಗದ ಹಚ್ಚಿ "ಕ್ರಿಸ್ತೈಕ್ಯ" ಎಂದು ಬರೆಸಿದರು. ಇಂಥ ಶಬ್ದ ಇಲ್ಲ ಎಂದು ಕನ್ನಡ ಶಿಕ್ಷಕನಾಗಿ ಹೇಳಬೇಕೆನಿಸಿತು, ಆದರೆ ಸಮಿತಿಯ ಅಧ್ಯಕ್ಷರ ಮಾತು ಮೇಲಿನವರವರೆಗೆ ಹೋಗುತ್ತದೆ.

ಅವರಿಗೆ ನಾನು ಒಂದು ಘೋಷವಾಕ್ಯ ಕೊಟ್ಟೆ. "ಮನೆಮಠ ಮರೆತು ಶಾಲೆಗಾಗಿ ಜೀವ ಸವೆಸಿದ ಮಹಾತ್ಮ." ಬಸಗೊಂಡಪ್ಪನವರು ಬಾಯಿತುಂಬ ಹೊಗಳಿದರು. ಪ್ರಭುಲಿಂಗ ಸರ್ ಮುಖ ಸಣ್ಣದಾಯಿತು. ಒಳ್ಳೆಯ ದಿನ.

೧೭ ಜನವರಿ, ಶುಕ್ರವಾರ

ಘೋಷವಾಕ್ಯ ಫಾದರ್‌ಗೂ ಹಿಡಿಸಿದೆ. ಎಷ್ಟು ಹಿಡಿಸಿದೆ ಎಂದರೆ, ಅದರಿಂದ ಒಂದು ಯೋಜನೆಯನ್ನೇ ಹುಟ್ಟಿಸಿದ್ದಾರೆ. "ಲೋಬೋ ಸ್ಮಾರಕ ಸಂಜೆ ತರಗತಿ". ಐದನೇ ಇಯತ್ತೆಯಿಂದ ಮೇಲಿನ ಮಕ್ಕಳೆಲ್ಲ ದಿನಾಲು ರಾತ್ರಿ ಎಂಟರವರೆಗೆ ಶಾಲೆಯಲ್ಲೇ ಕೂತು ಓದಬೇಕು, ಶಿಕ್ಷಕರೂ ಇರಬೇಕು. ಸ್ಮರಣೆಯ ಸಭೆಯಲ್ಲಿ ಇದರ ಘೋಷಣೆ. "ನಿಮ್ಮ ಭಾಷಣ ಕೇಳಿ ಪಾಲಕರ ಮನಸ್ಸು ಕರಗಬೇಕು. ಲೋಬೋ ಅವರ ತ್ಯಾಗದ ನಾಲ್ಕು ಘಟನೆ ಹುಡುಕಿ. ಇದನ್ನು ನಡೆಸಿಕೊಂಡು ಹೋಗುವವರೇ ಮುಂದಿನ ಹೆಡ್‌ಮಾಸ್ತರು" ಎಂದರು ಫಾದರ್.

ಇಷ್ಟು ಸ್ಪಷ್ಟವಾಗಿ ಹೇಳಿದ್ದು ಇದೇ ಮೊದಲು. ಭಾಷಣ ಗೆದ್ದರೆ ಕುರ್ಚಿ ನನ್ನದು.

ಒಂದು ಸಣ್ಣ ತೊಂದರೆ ಇದೆ. ಲೋಬೋ ಸರ್ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದದ್ದು ನಿಜ. ಸಂಜೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದದ್ದೂ ನಿಜ. ಆದರೆ ಅದನ್ನು ಯಾರು ನೆನಪಿಟ್ಟಿರುತ್ತಾರೆ.

೧೯ ಜನವರಿ, ಭಾನುವಾರ

ತ್ಯಾಗ ಹುಡುಕಿಕೊಂಡು ಲೋಬೋ ಸರ್ ಇದ್ದ ನೇಕಾರರ ಓಣಿಗೆ ಹೋದೆ. ಪಕ್ಕದ ಮನೆಯ ಶಿವವ್ವ ಮಗ್ಗದ ಕೋಣೆಯಿಂದ ಹೊರಗೆ ಬಂದು ಮಾತಾಡಿದಳು.

"ನನ್ನ ಮಗಾ ವಿಜಯ ಸಾಲಿ ಬಿಟ್ಟ ಮಗ್ಗದ ಕಂಡಿಕಿಗೆ ನೂಲ ಸುತ್ತಾಕ ಕುಂತಿದ್ನರಿ. ಮುಂಜಾನೆ ಲೋಬೋ ಸರ ಬಂದ್ರು. ಬೈಲಿಲ್ಲ, ಏನಿಲ್ಲ. ಹುಡುಗನ್ನ ಸರಸಿ ತಾವ ರಾಟಿ ಮುಂದ ಕುಂತ್ರು. ನೀ ಓದಾಕ ಹೋಗ, ನಿನ್ನ ಕೆಲಸಾ ನಾ ಮಾಡತೇನಿ ಅಂದ್ರು. ಬರೂದಿಲ್ಲ ಬಿಡೂದಿಲ್ಲ, ನೂಲೆಲ್ಲಾ ಹರದ ಗಂಟ ಹಾಕಿ ಇಟ್ರು. ಕಡೀಕ ನಾನ ಕೈಮುಗದೆ. ಸರ, ಹುಡುಗನ್ನ ಕರಕೊಂಡ ಹೋಗ್ರಿ, ನನ್ನ ನೂಲ ಉಳಸ್ರಿ ಅಂದೆ. ಮುಂದ ಅಂವಾ ಕಲತ ಡಿಪ್ಲೋಮಾ ಮಾಡಿದ."

ಕತೆ ಚೆನ್ನಾಗಿದೆ, ಆದರೆ ಜನ ನಗುತ್ತಾರೆ. ತ್ಯಾಗದ ಭಾಷಣದಲ್ಲಿ ನಗು ಬರಬಾರದು. "ಸಂಜೆ ತಡವಾಗಿ ಬರುತ್ತಿದ್ದರಲ್ಲ?" ಎಂದು ದಾರಿ ತೋರಿಸಿದೆ.

"ಎಲ್ಲೀದ ತಡಾರಿ. ಗಂಟಿ ಆತಂದ್ರ ಓಣ್ಯಾಗ ಅವರ ಸೈಕಲ್. ಅವರ ಸೈಕಲ್ ನೋಡಿ ನಾವು ಚಾಕ್ಕ ಇಡತಿದ್ವಿ. ಕಾಯಿಪಲ್ಲೆ ಸೋಸತಿದ್ರು, ಮಗಳಿಗೆ ಜಡಿ ಹಾಕತಿದ್ರು. ದೀಪಾ ಹಚ್ಚೂ ಹೊತ್ತಿಗೆ ಗಂಡಾ ಹೆಂಡತಿ ಮಗಳು ಮೂರೂ ಮಂದಿ ಜಪಕ್ಕ ಕೂಡೂರು. ಅಷ್ಟೊತ್ತು ಸಪ್ಪಳ ಬ್ಯಾಡಂತ ನಾವು ಮಗ್ಗ ಬಂದ್ ಇಡತಿದ್ವಿ. ಅವರು ಎಂದೂ ಕೇಳಿಲ್ಲರಿ, ನಮಗ ಅನ್ನಿಸಿತು."

ಬರಿಗೈಯಲ್ಲಿ ವಾಪಸು ಬಂದೆ.

೨೪ ಜನವರಿ, ಶುಕ್ರವಾರ

ಲೋಬೋ ಸರ್ ಅವರ ಹೆಂಡತಿ ಕ್ಲಾರಾಬಾಯಿಯವರಿಗೆ ಭಾಷಣ ಓದಿ ತೋರಿಸಲು ಶಾಲೆ ಬಿಟ್ಟೊಡನೆ ಹೋದೆ. ಖಾನಾಪುರದ ಕಡೆಯಿಂದ ಮದುವೆಯಾಗಿ ಬಂದವರು, ಈಗ ಅವರ ಮಾತು ಅಚ್ಚ ಬನಹಟ್ಟಿಯದು. ಒಬ್ಬಳೇ ಮಗಳು ಲಿಲ್ಲಿ ಮುಧೋಳದಲ್ಲಿ ನರ್ಸ್, ರಜೆ ಹಾಕಿ ತಾಯಿಯ ಜೊತೆಗಿದ್ದಾಳೆ.

ಕಣ್ಣೀರು ಬರುತ್ತದೆಂದು ಕರವಸ್ತ್ರ ಸಿದ್ಧ ಇಟ್ಟುಕೊಂಡೇ ಓದಿದೆ. "ಮನೆಮಠ ಮರೆತು" ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಮನೀ ಯಾವಾಗ ಮರತಿದ್ರರಿ?"

"ಅದು ಭಾಷಣದ ರೀತಿರಿ, ಬಾಯಾರ. ದೊಡ್ಡವರ ಬಗ್ಗೆ ಹಂಗ ಹೇಳತಾರ."

"ಹಂಗಾರ ನಾ ಯಾರ ಕೂಡ ಸಂಸಾರ ಮಾಡಿದೆ? ಮನೀ ಮರತ ಗಂಡನ ಕೂಡ ಇದ್ದಾಕಿ ಅಂತ ಊರ ಮಂದಿ ನನ್ನ ಮಾರಿ ನೋಡಬೇಕೇನು?"

ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟೆ. ಸಂಜೆ ತರಗತಿಯ ಸುದ್ದಿ ಅವರಿಗೆ ಆಗಲೇ ತಲುಪಿತ್ತು. "ಒಂದ ಕೇಳತೇನಿ. ಅವರ ಹೆಸರ ಇಟ್ಟ ಮಂದಿ ಮಕ್ಕಳನ್ನ ಕತ್ತಲಾಗೂತನಾ ಸಾಲ್ಯಾಗ ಕೂಡಸಬ್ಯಾಡ್ರಿ. ಕಲಸಾಕ ಹಗಲೆಲ್ಲಾ ಸಿಗತೈತಿ, ಅದರಾಗ ಕಲಸ್ರಿ ಅಂತಿದ್ರು. ಬ್ಯಾರೆ ಹೆಸರ ಇಟ್ಟ ಏನರ ಮಾಡ್ರಿ, ನಾ ಕೇಳಂಗಿಲ್ಲ" ಎಂದರು. ನೋಡೋಣ ಎಂದೆ. ಏನನ್ನೂ ಮಾಡುವ ಉದ್ದೇಶ ಇಲ್ಲದಾಗ ನಾನು ನೋಡೋಣ ಎನ್ನುತ್ತೇನೆ.

ಇನ್ನಷ್ಟು ಹೊತ್ತು ಕೂತು ಮನವೊಲಿಸಬೇಕೆಂದಿದ್ದೆ, ಆದರೆ "ಏಳ್ರಿ, ನಿಮ್ಮಲ್ಲಿ ಹೊತ್ತ ಮುಳಗೂದ್ರಾಗ ಉಣತಾರ" ಎಂದು ಎಬ್ಬಿಸಿ ಕಳಿಸಿಬಿಟ್ಟರು. ಹಾಗಾಗಿ ಬೆಳಕಿರುವಾಗಲೇ ಮನೆಗೆ ಬಂದೆ. ಮಾನಸಿ ನನ್ನನ್ನು ನೋಡಿ, "ಯಾಕ್ರಿ, ಆರಾಮ ಇಲ್ಲೇನು?" ಎಂದು ಹಣೆ ಮುಟ್ಟಿದಳು. ರೊಟ್ಟಿ ಬಿಸಿ ಇತ್ತು ಎಂಬುದನ್ನು ಬಿಟ್ಟರೆ ವಿಶೇಷವೇನೂ ಇಲ್ಲ.

೨೯ ಜನವರಿ, ಬುಧವಾರ

ಈ ವಾರ ದಿನವೂ ಶಾಲೆ ಬಿಟ್ಟ ಮೇಲೆ ಕ್ಲಾರಾಬಾಯಿಯವರಲ್ಲಿಗೆ ಹೋದೆ. ಆ ಒಂದು ಸಾಲಿಗೆ ಅವರ ಒಪ್ಪಿಗೆ ಬೇಕು. ದಿನವೂ ಚಹಾ ಕೊಡುತ್ತಾರೆ, ಒಪ್ಪಿಗೆ ಕೊಡುವುದಿಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಓಡಿಸುತ್ತಾರೆ. ಇತ್ತ ಪ್ರಭುಲಿಂಗ ಸರ್ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತು ಮುಂದೆ ಹೋಗುತ್ತಿದ್ದಾರೆ. ನಿನ್ನೆ ಫಾದರ್ ತಮ್ಮ ಕೈಯಾರೆ ಅವರಿಗೆ ಬಿಸ್ಕೀಟು ಕೊಟ್ಟರಂತೆ.

ಮನೆಯಲ್ಲೂ ವ್ಯವಸ್ಥೆ ಕೆಡುತ್ತಿದೆ. ಸಿದ್ಧಿ ಈಗ ಎದ್ದು ನಿಲ್ಲುವುದಿಲ್ಲ. ಇವತ್ತು ಊಟಕ್ಕೆ ಕೂತಾಗ ಹಿಂದಿನಿಂದ ಬಂದು ಕುತ್ತಿಗೆಗೆ ಜೋತುಬಿದ್ದು, "ಅಪ್ಪಾ, ನೀ ಭಾಳ ಗಬಗಬಾ ತಿಂತಿ" ಎಂದಳು. ಅವ್ವ ಬೈಯುವುದು ಬಿಟ್ಟು ನಕ್ಕಳು. ಸಭೆ ಮುಗಿದ ಮೇಲೆ ಇವಳ ಶಿಸ್ತಿನ ಕಡೆ ಗಮನ ಕೊಡಬೇಕು. ಜಡೆ ಹಾಕು ಎಂದು ಬಾಚಣಿಕೆ ತಂದಳು. ಹಾಕಿದೆ. ಒಂದು ಕಡೆ ವಾರೆಯಾಯಿತು.

೩ ಫೆಬ್ರವರಿ, ಸೋಮವಾರ

ಫಾದರ್ ಭಾಷಣ ಓದಿ, "ಇದರಲ್ಲಿ ಒಂದಕ್ಷರ ಬದಲಾಗಬಾರದು" ಎಂದರು. ಮುಧೋಳದಿಂದ ದೊಡ್ಡ ಸಾಹೇಬರೊಬ್ಬರು ಮುಖ್ಯ ಅತಿಥಿಯಾಗಿ ಬರುತ್ತಾರೆ. ಮೇಲಿನವರೂ ಬರುತ್ತಾರೆ.

ನಾಳೆ ಇದನ್ನೇ ಓದುತ್ತೇನೆ. ಕ್ಲಾರಾಬಾಯಿಯವರಿಗೆ ಬೇಜಾರಾಗುತ್ತದೆ, ಆಗಲಿ. ಹೆಡ್‌ಮಾಸ್ತರ ಆದ ಮೇಲೆ ಅವರನ್ನು ಸಮಾಧಾನ ಮಾಡಲು ಬೇಕಾದಷ್ಟು ಸಮಯವಿದೆ. ಇಲ್ಲ, ಸಮಯ ಇರುವುದಿಲ್ಲ. ಎಂಟರವರೆಗೆ ಶಾಲೆಯಲ್ಲೇ ಇರಬೇಕಲ್ಲ.

ನಿದ್ದೆ ಬರುತ್ತಿಲ್ಲ. ರೊಟ್ಟಿ ಹೆಚ್ಚಾಗಿರಬೇಕು.

೪ ಫೆಬ್ರವರಿ, ಮಂಗಳವಾರ

ಎಲ್ಲ ಕೆಟ್ಟಿತು. ಕ್ರಮವಾಗಿ ಬರೆಯುತ್ತೇನೆ.

ಬೆಳಗಿನ ಬಲಿಪೂಜೆ ಸುಸೂತ್ರವಾಗಿ ಆಯಿತು. ಸಂಜೆಯ ಸಭೆಗೆ ಕೊನೆಯ ಗಂಟೆಯ ಮೊದಲೇ ಮಕ್ಕಳನ್ನು ಅಂಗಳದಲ್ಲಿ ಕೂಡಿಸಿದೆವು. ಕಾಂಪೌಂಡಿನ ಉದ್ದಕ್ಕೂ ತಾಯಂದಿರು ನಿಂತಿದ್ದರು. ಮುಂದಿನ ಸಾಲಿನಲ್ಲಿ ಕ್ಲಾರಾಬಾಯಿ ಮತ್ತು ಲಿಲ್ಲಿ. ಸಾಹೇಬರು ಮಾತ್ರ ಇಲ್ಲ. ಕಬ್ಬಿನ ಸೀಜನ್ನು. ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಪಲ್ಟಿಯಾಗಿ, ಅದರ ಹಿಂದೆ ಸಾಹೇಬರ ಕಾರು ಸಿಕ್ಕಿಕೊಂಡಿತ್ತು. ಬಸಗೊಂಡಪ್ಪನವರು ಫೋನಿನ ಮೇಲೆ ಫೋನು ಮಾಡಿ, "ಹೊಂಟಾರ, ಬಂದ್ರು ಅಂತ ತಿಳೀರಿ" ಎನ್ನುತ್ತಲೇ ಇದ್ದರು. ಬಿಸಿಲು ಇಳಿಯಿತು. ಸಣ್ಣ ಮಕ್ಕಳು ನೀರು ಕೇಳಿದವು, ಆಮೇಲೆ ಅಳತೊಡಗಿದವು. ಪ್ರಭುಲಿಂಗ ಸರ್ ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದರು.

ಫಾದರ್ ನನ್ನ ಕಿವಿಯಲ್ಲಿ, "ಅವರು ಬರುವ ತನಕ ನೀವು ಮಾತಾಡಿ, ನಿಲ್ಲಿಸಬೇಡಿ" ಎಂದರು. ಎದ್ದು ಕಾಗದ ಬಿಡಿಸಿದೆ. ಪೂಜ್ಯ ಫಾದರ್, ವೇದಿಕೆಯ ಮೇಲಿನ ಗಣ್ಯರೇ, ಎಲ್ಲ ಸರಿಯಾಗಿ ಬಂತು. "ಮನೆಮಠ" ಎಂಬಲ್ಲಿ ಕ್ಲಾರಾಬಾಯಿ ತಲೆತಗ್ಗಿಸಿ ಸೆರಗು ಸರಿಮಾಡಿಕೊಂಡರು. ಅಷ್ಟೇ. ಕಾಗದದ ಮೇಲೆ ಮುಂದಿನ ಸಾಲು ಕಾಣುತ್ತಿತ್ತು, ಓದಲಾಗಲಿಲ್ಲ. ಮೈಕಿನ ಮುಂದೆ ಸುಮ್ಮನೆ ನಿಲ್ಲುವುದು ಹೇಗೆ. ಬಾಯಿಗೆ ಬಂದದ್ದನ್ನು ಹೇಳಿದೆ, ಅದೂ ಪುಸ್ತಕದ ಕನ್ನಡದಲ್ಲಿ ಅಲ್ಲ.

"ಲೋಬೋ ಸರ್ ಮನೀ ಮರತಿರಲಿಲ್ಲರಿ. ಗಂಟಿ ಆತಂದ್ರ ಸೈಕಲ್ ಹತ್ತತಿದ್ರು, ಮೊದಲಿನಿಂದಾನೂ. ನಾ ಮನಸಿನ್ಯಾಗ ಬೈಕೊತಿದ್ನಿ, ಇವರಿಗೆ ಸಾಲಿ ಮ್ಯಾಲ ಪ್ರೀತಿ ಇಲ್ಲ ಅಂತ. ಹಗಲೆಲ್ಲಾ ನಿಮ್ಮ ಮಕ್ಕಳಿಗೆ ಕೊಡತಿದ್ರು. ನಿಮ್ಮ ಓಣಿಗೆ ಬಂದು, ಕಂಡಿಕಿ ಸುತ್ತಿ, ನೂಲ ಹರದ ಕರಕೊಂಡ ಬರತಿದ್ರು. ಸಂಜಿಕ ತಮ್ಮ ಮಗಳ ಜಡಿ ಹಾಕಾಕ ಹೋಗತಿದ್ರು. ಇವತ್ತ ಅವರು ಇದ್ದಿದ್ರ ಈ ಸಭಾದಾಗ ಇರತಿರಲಿಲ್ಲ. ಇಷ್ಟೊತ್ತಿಗೆ ಮನ್ಯಾಗ ಇರತಿದ್ರು."

ಶಿವವ್ವ ನೂಲಿನ ಮಾತಿಗೆ ಜೋರಾಗಿ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕ್ಲಾರಾಬಾಯಿ ಎದ್ದು ನನಗೆ ಕೈಮುಗಿದು, "ದೀಪಾ ಹಚ್ಚೂ ಹೊತ್ತ ಆಗಾಕ ಬಂತ್ರಿ" ಎಂದು ಮಗಳ ಕೈಹಿಡಿದು ಹೊರಟರು. ಅವರ ಹಿಂದೆ ಶಿವವ್ವ. ತಾಯಂದಿರು ಒಬ್ಬೊಬ್ಬರೇ ಅಂಗಳಕ್ಕೆ ಬಂದು ತಮ್ಮ ತಮ್ಮ ಮಕ್ಕಳನ್ನು ಎಬ್ಬಿಸಿಕೊಂಡರು. ಬಸಗೊಂಡಪ್ಪನವರು ಮೈಕು ಕಸಿದು, "ಕುಂಡರ್ರಿ, ಫೋಟೋ ಆಗೂದೈತಿ" ಎನ್ನುವುದರೊಳಗೆ ಅಂಗಳ ಖಾಲಿ.

ಸಾಹೇಬರು ಬಂದು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿದರಂತೆ. ನಾನು ನೋಡಲಿಲ್ಲ. ಹೊತ್ತು ಮುಳುಗುವುದರೊಳಗೆ ಮನೆ ಸೇರಿದ್ದೆ. ಧರ್ಮವನ್ನು ಬಿಡುವುದು ಹೇಗೆ. ಹಸಿವೂ ಆಗಿತ್ತು.

೧೦ ಫೆಬ್ರವರಿ, ಸೋಮವಾರ

ಪ್ರಭುಲಿಂಗ ಸರ್ ಹೆಡ್‌ಮಾಸ್ತರ ಆದರು. ಸಾಹೇಬರಿಗೆ ಹಾರ ಹಾಕುವ ಅವರ ಫೋಟೋ ಪೇಪರಿನಲ್ಲೂ ಬಂದಿದೆ. ಫಾದರ್ ನನ್ನ ಜೊತೆ ಮಾತಾಡುವುದಿಲ್ಲ.

ಇದು ಅನ್ಯಾಯ. ತುಂಬಾ ಬರೆಯಬೇಕೆಂದಿದ್ದೆ, ಆದರೆ ಸಿದ್ಧಿ ಹೋಮ್‌ವರ್ಕ್ ಹಿಡಿದು ಪಕ್ಕದಲ್ಲಿ ಕೂತಿದ್ದಾಳೆ, ನನ್ನ ಪೆನ್ನೇ ಬೇಕಂತೆ.

೧೨ ಫೆಬ್ರವರಿ, ಬುಧವಾರ

ಲೋಬೋ ಸ್ಮಾರಕ ಸಂಜೆ ತರಗತಿಯ ಮೊದಲ ದಿನ. ಕೊನೆಯ ಗಂಟೆ ಹೊಡೆದಾಗ ಗೇಟಿನಲ್ಲಿ ತಾಯಂದಿರು ನಿಂತಿದ್ದರು. ಪ್ರಭುಲಿಂಗ ಸರ್, "ಇದು ಲೋಬೋ ಸರ್ ಹೆಸರಿನ ತರಗತಿರಿ" ಎಂದು ಕೈಮುಗಿದು ಹೇಳಿದರು.

"ಅವರ ಹೆಸರಿಂದ ಐತಿ ಅಂತನ ಕರಕೊಂಡ ಹೋಗಾಕ ಬಂದೀವ್ರಿ. ಅವರು ಹೆಂಗಿದ್ರು ಅಂತ ಭರತೇಶ ಸರ ಹೇಳ್ಯಾರಲ್ಲ" ಎಂದಳು ಶಿವವ್ವ. ಅವಳ ಮಕ್ಕಳು ಶಾಲೆ ಮುಗಿಸಿ ಎಷ್ಟೋ ಕಾಲವಾಯಿತು, ಆದರೂ ಬಂದಿದ್ದಳು.

ತರಗತಿಯನ್ನು ಮುಂದಿನ ವರ್ಷಕ್ಕೆ ಮುಂದೂಡಿದ್ದಾರೆ. ಹೊಸ ಹೆಡ್‌ಮಾಸ್ತರು ಎಂಟರವರೆಗೆ ಒಬ್ಬರೇ ಕೂರುತ್ತಾರಂತೆ. ನನಗೆ ನಗು ಬರಬೇಕಿತ್ತು. ಯಾಕೋ ಅವರನ್ನು ಕಂಡು ಕೆಡುಕೆನಿಸಿತು.

೧೪ ಫೆಬ್ರವರಿ, ಶುಕ್ರವಾರ

ಶಾಲೆ ಬಿಟ್ಟ ಮೇಲೆ ಕ್ಲಾರಾಬಾಯಿಯವರ ಮನೆಗೆ ಹೋದೆ. ನಿಜ ಹೇಳಬೇಕೆಂದರೆ, ನಿಮ್ಮ ಗಂಡನ ಸಲುವಾಗಿ ಕುರ್ಚಿ ಕಳೆದುಕೊಂಡೆ ಎಂದು ಅವರಿಗೆ ತಿಳಿಸಲು ಹೋಗಿದ್ದೆ. ಒಂದೆರಡು ಒಳ್ಳೆಯ ಮಾತು ಬರಬಹುದೆಂದುಕೊಂಡಿದ್ದೆ.

ಅವರು ಚಹಾ ಕೊಟ್ಟು ಎದುರಿಗೆ ಕೂತರು. "ಸಭಾದಾಗ ಛಲೋ ಹೇಳಿದ್ರಿ. ಒಂದ ಮಾತ ತಪ್ಪಾತು. ಮೊದಲಿನಿಂದಾನೂ ಗಂಟಿಗೇ ಬರತಿದ್ರು ಅಂದ್ರಿ. ಮೊದಲ ಹಂಗಿರಲಿಲ್ಲ" ಎಂದರು.

"ಮತ್ತೆ?"

"ಸಾಲಿ ಆವಾಗ ಹೊಸಾದು. ಕೂಸು ಏಳೂದ್ರಾಗ ಹೋಗತಿದ್ರು, ಮಲಗಿದ ಮ್ಯಾಲ ಬರತಿದ್ರು. ಭಾನುವಾರನೂ ಸಾಲೀನ. ಊರ ಮಂದಿ ಭಾಳ ಹೊಗಳತಿದ್ರು, ನಿಮ್ಮ ಭಾಷಣದಾಗ ಇತ್ತಲ್ಲ, ಹಂಗ. ಹುಡುಗರು ಮನಿಗಿ ಬಂದು, ಸರ್ ಅದಾರೇನ್ರಿ, ಸರ್ ಬಂದಾರೇನ್ರಿ ಅಂತ ಕೇಳೂರು. ಅದನ್ನ ಕೇಳಿ ಕೇಳಿ ನಮ್ಮ ಲಿಲ್ಲಿ ಬೆಳದ್ಲು. ಒಂದಿನಾ ಏನೋ ಮರತು ನಡುಮಧ್ಯಾಹ್ನ ಮನಿಗಿ ಬಂದ್ರು. ಬಾಗಲಾ ಲಿಲ್ಲಿ ತಗದ್ಲು. ಅವರನ್ನ ನೋಡಿ ಒಳಗ ತಿರಗಿ, ಅಮ್ಮಾ, ಸರ್ ಬಂದಾರ, ಕುಂಡರ್ರಿ ಅನ್ಲೇನು ಅಂದ್ಲು."

ನಾನು ನಕ್ಕುಬಿಟ್ಟೆ. ಅವರೂ ನಕ್ಕರು.

"ನಾನೂ ಆವಾಗ ಹಿಂಗ ನಕ್ಕೆರಿ. ಅವರು ನಗಲಿಲ್ಲ. ಒಳಗ ಬರಲಿಲ್ಲ, ಹೊರಗ ಕಟ್ಟಿ ಮ್ಯಾಲ ಕುಂತಬಿಟ್ರು. ಮರುದಿನ ಗಂಟಿ ಆದ ಕೂಡ್ಲೆ ಬಂದ್ರು. ಆಮ್ಯಾಲ ಎಂದೂ ತಪ್ಪಲಿಲ್ಲ."

ಲಿಲ್ಲಿ ಒಳಗೆ ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಕೇಳಿಸದಂತೆ, "ಪಪ್ಪಾ ಅನ್ನಾಕ ಎಷ್ಟ ದಿನಾ ಹಿಡೀತ್ರಿ?" ಎಂದು ಕೇಳಿದೆ.

"ಭಾಳ ದಿನಾ ಹಿಡೀತ್ರಿ. ದಿನಾ ಬಾಗಲದಾಗ ಬಂದು ನಿಂದರೂರು, ಇವತ್ತರ ಅಂತಾಳೇನು ಅಂತ. ಆಕಿ ಸರ್ ಅಂದ್ಲಂದ್ರ, ಹೂಂ ಯವ್ವಾ ಅಂತ ಒಳಗ ಬರೂರು."

ಕುರ್ಚಿಯ ವಿಷಯ ಹೇಳಲು ಮರೆತೆ. ಚಹಾ ಅರ್ಧ ಉಳಿದಿತ್ತು, ಹಾಗೇ ಬಿಟ್ಟು ಎದ್ದೆ. ಹೊರಗೆ ಇನ್ನೂ ಬಿಸಿಲಿತ್ತು, ಆದರೂ ಗಾಡಿಯನ್ನು ಸ್ವಲ್ಪ ಜೋರಾಗಿಯೇ ಓಡಿಸಿದೆ.